ಎಡಬದಿಯಿಂದ ಬಂದ ಖಳ: ಇಂಗ್ಲೆಂಡಿನ ಪ್ಯಾಂಟೊದಲ್ಲಿ ವೇಷ ಕಟ್ಟಿದ ಅನುಭವ

ಪ್ಯಾಂಟೊ ಎಂಬ ಕ್ರಿಸ್‌ಮಸ್ ಕಾಲದ ನಾಟಕದಲ್ಲಿ ಖಳ ಯಾವತ್ತೂ ರಂಗದ ಎಡಬದಿಯಿಂದಲೇ ಬರಬೇಕು. ನೋಡುವವರಿಗೆ ಅದು ಬಲಗಡೆ. ಅವರತ್ತ ಮುಖ ಮಾಡಿ ನಿಂತ ನಮಗೆ ಎಡ. ಒಳ್ಳೆಯವರನ್ನು ಕಾಯುವ ಫೇರಿ ಬಲಬದಿಯಿಂದ ಬರುತ್ತಾಳೆ. ಮಧ್ಯಯುಗದ ಧಾರ್ಮಿಕ ನಾಟಕಗಳಲ್ಲಿ ಸ್ವರ್ಗವನ್ನು ಬಲಕ್ಕೂ ನರಕವನ್ನು ಎಡಕ್ಕೂ ಇಡುತ್ತಿದ್ದರಂತೆ, ಆ ರೂಢಿ ಹಾಗೇ ಉಳಿದುಬಂದಿದೆ ಎಂದು ಇಲ್ಲಿಯ ರಂಗದವರು ಹೇಳುತ್ತಾರೆ. ದಕ್ಷಿಣ ಇಂಗ್ಲೆಂಡಿನ ಒಂದು ಸಣ್ಣ ಊರಿನ ಹವ್ಯಾಸಿ ತಂಡದಲ್ಲಿ ಕಳೆದ ಚಳಿಗಾಲ ಆ ಎಡಬದಿಯ ಪರದೆಯ ಮರೆಯಲ್ಲಿ, ಹಸಿರು ದೀಪ ಹೊತ್ತುವುದನ್ನೇ ಕಾಯುತ್ತ ನಿಂತವಳು ಮಲೆನಾಡಿನ ಸಾಗರದ ಕಡೆಯ ನಾನು. ಆ ಕೆಲವು ತಿಂಗಳುಗಳಲ್ಲಿ ಕಲಿತದ್ದನ್ನು ಬರೆದಿಡಬೇಕು ಅನ್ನಿಸಿದೆ.

ಪ್ಯಾಂಟೊದ ಪೂರ್ತಿ ಹೆಸರು ಪ್ಯಾಂಟೊಮೈಮ್; ಹಾಗಂದೊಡನೆ ಮೂಕಾಭಿನಯ ನೆನಪಾದರೆ ಅದನ್ನು ಬದಿಗಿಡಿ. ಬ್ರಿಟನ್ನಿನ ಪ್ಯಾಂಟೊ ಕ್ರಿಸ್‌ಮಸ್ ಕಾಲದ ನಾಟಕ. ಮಾತು, ಹಾಡು, ಕುಣಿತ, ಬಿದ್ದೆದ್ದು ನಗಿಸುವ ಹಾಸ್ಯ ಎಲ್ಲ ಅದರಲ್ಲಿದೆ. ಸಿಂಡರೆಲಾ, ಅಲಾದ್ದೀನ್, ಜ್ಯಾಕ್ ಅಂಡ್ ದ ಬೀನ್‌ಸ್ಟಾಕ್, ಡಿಕ್ ವಿಟಿಂಗ್ಟನ್ ಮುಂತಾದ ಕೆಲವೇ ಕಥೆಗಳು ವರ್ಷವರ್ಷವೂ ಊರೂರು ತಿರುಗುತ್ತಿರುತ್ತವೆ. ಲಂಡನ್ನಿನಲ್ಲಿ 1901ರಲ್ಲಿ ಕಟ್ಟಿದ ಹ್ಯಾಕ್ನಿ ಎಂಪೈರ್‌ನಂಥ ದೊಡ್ಡ ರಂಗಮಂದಿರದಲ್ಲೂ ಪ್ಯಾಂಟೊ ಆಗುತ್ತದೆ, ಹಳ್ಳಿಯ ಸಮುದಾಯ ಭವನದಲ್ಲೂ ಆಗುತ್ತದೆ. ವೃತ್ತಿಪರರದು ಡಿಸೆಂಬರ್‌ನಲ್ಲಿ; ಹವ್ಯಾಸಿಗಳಲ್ಲಿ ಅನೇಕರು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳುತ್ತಾರೆ. ಹಬ್ಬದ ದೀಪಗಳನ್ನೆಲ್ಲ ಇಳಿಸಿಯಾಗಿರುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಅಂಥ ದಿನಗಳಲ್ಲಿ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕೂತು ನೋಡುವ ನಾಟಕ ಈ ದೇಶದಲ್ಲಿ ನಾನು ಕಂಡ ಮಟ್ಟಿಗೆ ಇದೊಂದೇ. ಕಥೆ ಎಲ್ಲರಿಗೂ ಬಾಯಿಪಾಠ, ಆದ್ದರಿಂದ ಮುಂದೇನಾಯಿತು ಎಂಬ ಕುತೂಹಲಕ್ಕೆ ಯಾರೂ ಬರುವುದಿಲ್ಲ. ಬರುವುದು ಕೂಗುವುದಕ್ಕೆ.

ಮಗಳನ್ನು ಶಾಲೆಯವರು ಒಂದು ವರ್ಷ ಪ್ಯಾಂಟೊಗೆ ಕರೆದುಕೊಂಡು ಹೋಗಿದ್ದರು. ಗಂಟಲು ಕಟ್ಟಿಸಿಕೊಂಡು ಬಂದ ಅವಳು ವಾರವಿಡೀ ಅದೇ ಮಾತು. ಮುಂದಿನ ಸೆಪ್ಟೆಂಬರ್‌ನಲ್ಲಿ ಗ್ರಂಥಾಲಯದ ಬಾಗಿಲಿಗೆ ಊರಿನ ತಂಡದ ಚೀಟಿ ಅಂಟಿಸಿತ್ತು: ಜ್ಯಾಕ್ ಅಂಡ್ ದ ಬೀನ್‌ಸ್ಟಾಕ್, ಆಡಿಷನ್, ಅನುಭವ ಬೇಕಿಲ್ಲ. ಮಕ್ಕಳ ಮೇಳಕ್ಕೆ ಮಗಳನ್ನು ಸೇರಿಸಲು ಹೋದೆ. ಅಲ್ಲಿ ನಿರ್ದೇಶಕಿ ನನ್ನ ಕೈಗೂ ಒಂದು ಹಾಳೆ ಕೊಟ್ಟು, ‘ಸುಮ್ಮನೆ ಕೂರುವ ಬದಲು ಓದಿ’ ಅಂದರು. ಫ್ಲೆಶ್‌ಕ್ರೀಪ್ ಎಂಬವನ ಮಾತುಗಳು. ಹಸುವನ್ನು ಮಾರಿ ಪಡೆದ ಬೀನ್ಸ್ ಕಾಳಿನಿಂದ ಮೋಡದವರೆಗೆ ಬೆಳೆದ ಬಳ್ಳಿಯನ್ನು (ಅದೇ ಬೀನ್‌ಸ್ಟಾಕ್) ಜ್ಯಾಕ್ ಎಂಬ ಹುಡುಗ ಹತ್ತಿಹೋಗುವ ಕಥೆ ಇದು; ಆ ಮೋಡದ ಮೇಲಿನ ದೈತ್ಯನ ಬಂಟ ಅವನು. ಊರವರಿಂದ ಬಾಡಿಗೆ ವಸೂಲಿ ಮಾಡುತ್ತಾನೆ, ಕೊಡದವರನ್ನು ದೈತ್ಯನ ಅಡುಗೆಮನೆಗೆ ಸಾಗಿಸುತ್ತಾನೆ. ಮಾತೆಲ್ಲ ಪ್ರಾಸಬದ್ಧ ದ್ವಿಪದಿ. ಅದರ ಧಾಟಿ ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಹೆದರಿರಿ ಮಕ್ಕಳೆ, ಬಂದೆನು ನಾನು,
ಬಾಡಿಗೆ ಕಟ್ಟದ ಹಸು ನನ್ನದಿನ್ನು!’

ಚಿಕ್ಕವಳಿದ್ದಾಗ ಊರಿನ ಗದ್ದೆಬಯಲಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವಳು ನಾನು. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ತೆರೆಯ ಹಿಂದೆಯೇ ಅಬ್ಬರಿಸಿ, ಮುಖ ಕಾಣುವ ಮೊದಲೇ ನಮ್ಮನ್ನು ಅಮ್ಮನ ಸೆರಗಿನೊಳಗೆ ಓಡಿಸುತ್ತಿದ್ದರು. ಆ ಧ್ವನಿಯೇ ತಲೆಯಲ್ಲಿತ್ತು, ಹಾಗೇ ಓದಿದೆ. ವಾರದ ಮೇಲೆ ಪಾತ್ರ ನಿಮ್ಮದೇ ಎಂದು ಫೋನ್ ಬಂತು. ಜೊತೆಗೆ ಒಂದು ಪ್ರಶ್ನೆಯೂ ಬಂತು: ಸಭಾಂಗಣದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಅವರೆಲ್ಲ ಒಟ್ಟಾಗಿ ಒಬ್ಬ ಭಾರತೀಯಳತ್ತ ‘ಬೂ’ ಎಂದು ಕೂಗಿದರೆ ನಿಮಗೆ ಹೇಗನ್ನಿಸಬಹುದು? ಯೋಚಿಸಿ ಹೇಳಿ, ಬೇಡವೆಂದರೆ ಬೇರೆ ಪಾತ್ರವಿದೆ ಅಂದರು.

ಆಕೆ ಕೇಳಿದ್ದು ನನಗೆ ತುಂಬ ಹಿಡಿಸಿತು. ಈ ಪ್ರಶ್ನೆಗೆ ಹಿನ್ನೆಲೆಯಿದೆ. ಅಲಾದ್ದೀನ್ ಪ್ಯಾಂಟೊವನ್ನು ಇಲ್ಲಿ ಬಹುಕಾಲದಿಂದ ಚೀನಾದಲ್ಲಿ ನಡೆಯುವ ಕಥೆಯಾಗಿ ಆಡುತ್ತಾರೆ. ಬಿಳಿಯ ನಟರು ಕಣ್ಣಿಗೆ ಗೆರೆ ಎಳೆದುಕೊಂಡು, ಚೀನೀಯರ ಉಚ್ಚಾರಣೆಯನ್ನು ಅಣಕಿಸಿ ನಗಿಸುವುದು ದಶಕಗಳ ಕಾಲ ನಡೆಯಿತು. ಈಗ ಅನೇಕ ರಂಗಮಂದಿರಗಳು ಅದನ್ನು ಕೈಬಿಟ್ಟಿವೆ, ಕೆಲವು ಕಥೆಯ ಊರನ್ನೇ ಬದಲಿಸಿವೆ. ಸಂಪ್ರದಾಯ ಕೆಡುತ್ತಿದೆ ಎಂದು ಗೊಣಗುವವರೂ ಇದ್ದಾರೆ. ನನ್ನ ಮಟ್ಟಿಗೆ, ಪಕ್ಕದ ಸೀಟಿನಲ್ಲಿ ಕೂತ ಮಗುವಿನ ಮುಖವನ್ನೇ ತಮಾಷೆಯ ವಸ್ತು ಮಾಡುವ ಸಂಪ್ರದಾಯ ಹೋದರೆ ಹೋಗಲಿ. ಎರಡು ದಿನ ಯೋಚಿಸಿ, ಒಂದೇ ಕೇಳಿಕೆ ಇಟ್ಟೆ: ನನ್ನ ಉಚ್ಚಾರಣೆಯ ಮೇಲೆ ಒಂದು ಜೋಕೂ ಇರಬಾರದು, ನನ್ನ ಧ್ವನಿಯಲ್ಲೇ ಮಾತಾಡುತ್ತೇನೆ. ಅವರು ತಕ್ಷಣ ಒಪ್ಪಿದರು. ಫ್ಲೆಶ್‌ಕ್ರೀಪ್ ಕೆಟ್ಟವನಾಗುವುದು ಬಾಡಿಗೆಯ ದುರಾಸೆಯಿಂದ, ಮಾತಿನ ಧಾಟಿಯಿಂದಲ್ಲ.

ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, ‘ಅಲ್ಲಾ ಮಾರಾಯ್ತಿ, ಜನ ಬೈದು ಕೂಗೋ ವೇಷಾನೇ ಸಿಕ್ತಾ ನಿಂಗೆ?’ ಎಂದು ಮೊದಲು ಬೇಜಾರು ಮಾಡಿಕೊಂಡಳು. ಆಮೇಲೆ, ‘ಆಗ್ಲಿ, ಬಣ್ಣದ ವೇಷ ಅಂದ್ರೆ ಎಲ್ಲರಿಗೂ ಕೊಡೋದಲ್ಲ’ ಅಂದಳು.

ಮೊದಲ ಓದಿಗೆ ಎಲ್ಲರೂ ವೃತ್ತದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ನನಗೆ ವಿಚಿತ್ರವಾಗಿ ಕಂಡದ್ದು ಹಸ್ತಪ್ರತಿ. ಪುಟಪುಟದಲ್ಲೂ ನಡುನಡುವೆ ಖಾಲಿ ಜಾಗ. ಅಲ್ಲಿ ಪ್ರೇಕ್ಷಕರ ಮಾತನ್ನು ಬರೆದಿಟ್ಟಿದ್ದರು. ನಾನು ‘ಈ ಹಸುವನ್ನು ಎಳೆದೊಯ್ಯುತ್ತೇನೆ’ ಅನ್ನಬೇಕು, ಅವರು ‘ಓ ನೋ ಯು ವೋಂಟ್!’ ಅನ್ನಬೇಕು, ನಾನು ‘ಓ ಯೆಸ್ ಐ ವಿಲ್!’ ಅನ್ನಬೇಕು. ಇಡೀ ಮುದ್ರಿತ ನಾಟಕದಲ್ಲಿ ಅತಿ ದೊಡ್ಡ ಪಾತ್ರ ಯಾವುದೆಂದು ಎಣಿಸಿದರೆ ಅದು ಪ್ರೇಕ್ಷಕರದೇ. ಆದರೆ ಅವರು ತಾಲೀಮಿಗೆ ಬರುವುದಿಲ್ಲ. ತೆರೆ ಎದ್ದ ಮೇಲೆ, ಆಟ ಆಡುತ್ತಲೇ, ನಾವೇ ಅವರಿಗೆ ಅವರ ಪಾತ್ರವನ್ನು ಕಲಿಸಬೇಕು, ಕಲಿಸುತ್ತಿದ್ದೇವೆಂದು ತಿಳಿಯದಂತೆ. ಅಕ್ಟೋಬರ್‌ನಿಂದ ಜನವರಿಯವರೆಗೆ, ವಾರದ ಎರಡು ಸಂಜೆ, ಹೀಟರ್ ಸರಿಯಾಗಿ ಬಿಸಿಯಾಗದ ಆ ಹಾಲ್‌ನಲ್ಲಿ ನಾವು ಕಲಿತದ್ದೆಲ್ಲ ಬಹುತೇಕ ಇದನ್ನೇ.

ಕಲಿಸಿದವರಲ್ಲಿ ಮುಖ್ಯರು ನಮ್ಮ ಡೇಮ್. ಪ್ಯಾಂಟೊದಲ್ಲಿ ನಾಯಕನ ತಾಯಿಯ ಪಾತ್ರವನ್ನು ಗಂಡಸೇ ಮಾಡುತ್ತಾನೆ, ಆ ಪಾತ್ರವೇ ಡೇಮ್. ನಮ್ಮವರು ನಿವೃತ್ತ ಪೋಸ್ಟ್‌ಮನ್. ಊರಿನ ಪ್ರತಿ ಬಾಗಿಲನ್ನೂ ಬಲ್ಲವರು. ನಮ್ಮಲ್ಲಿ ಸ್ತ್ರೀವೇಷದವರು ಗಂಡುತನವನ್ನು ಪೂರ್ತಿ ಮರೆಸುತ್ತಾರೆ. ನೋಡುವವರಿಗೆ ಆಮೇಲೆ ಹೇಳಿದರೂ ನಂಬಿಕೆ ಬರಬಾರದು. ಡೇಮ್ ಇದಕ್ಕೆ ತಿರುಗುಮುರುಗು. ದಪ್ಪ ಬೂಟು, ಗಡಸು ದನಿ, ತೋಳಿನ ರೋಮ ಎಲ್ಲ ಕಾಣುತ್ತಲೇ ಇರಬೇಕು, ಆದರೂ ಮಗನನ್ನು ನೆನೆದು ಆ ತಾಯಿ ಒಂದು ಕ್ಷಣ ಸುಮ್ಮನಾದಾಗ ಜನರ ಕಣ್ಣು ತುಂಬಬೇಕು. ದೃಶ್ಯಕ್ಕೊಂದು ಉಡುಪು, ಒಂದಕ್ಕಿಂತ ಒಂದು ಅತಿರೇಕ. ಈ ಪಾತ್ರಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಡ್ಯಾನ್ ಲೆನೊ ಮುಖ್ಯ. ಹಾಡು, ಹಾಸ್ಯದ ಜನಪ್ರಿಯ ರಂಗವಾದ ಮ್ಯೂಸಿಕ್ ಹಾಲ್‌ನಿಂದ ಬಂದ ಈ ಹಾಸ್ಯಗಾರ 1888ರಿಂದ ಸುಮಾರು ಒಂದೂವರೆ ದಶಕ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ಕ್ರಿಸ್‌ಮಸ್ ಪ್ಯಾಂಟೊಗಳಲ್ಲಿ ಬಡ ವಿಧವೆಯರ, ದುಡಿಯುವ ಹೆಂಗಸರ ಕಷ್ಟಸುಖವನ್ನು ಆಡಿ ತೋರಿಸಿದ. ಇಯಾನ್ ಮೆಕೆಲನ್‌ರಂಥ ಶೇಕ್ಸ್‌ಪಿಯರ್ ನಟರು 2004ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಅಲಾದ್ದೀನನ ತಾಯಿ ವಿಡೋ ಟ್ವ್ಯಾಂಕಿಯಾಗಿ ಬಂದದ್ದು ಸುಮ್ಮನೆ ಅಲ್ಲ. ಆ ವಿಧವೆಗೆ ಟ್ವ್ಯಾಂಕಿ ಎಂಬ ಹೆಸರಿಟ್ಟದ್ದು ಎಚ್. ಜೆ. ಬೈರನ್ ಎಂಬ ನಾಟಕಕಾರ, 1861ರಲ್ಲಿ; ಆಗ ಬಳಕೆಯಲ್ಲಿದ್ದ ಅಗ್ಗದ ಚೀನೀ ಚಹಾದ ಹೆಸರು ಅದು.

ಪೋಸ್ಟ್‌ಮನ್ ಸಾಹೇಬರು ಮೊದಲ ತಾಲೀಮಿನಲ್ಲೇ ನನ್ನನ್ನು ಪಕ್ಕಕ್ಕೆ ಕರೆದರು. ‘ನೀವು ತುಂಬ ಬೇಗ ಮಾತಾಡುತ್ತೀರಿ. ಪ್ರಾಸದ ಎರಡನೆಯ ಸಾಲಿಗೆ ಮೊದಲು ನಿಲ್ಲಿ. ಅವರನ್ನು ನೋಡಿ. ಎಲ್ಲರನ್ನೂ ಅಲ್ಲ, ಯಾರೋ ಒಬ್ಬರನ್ನು. ಆಮೇಲೆ ಹೇಳಿ’ ಅಂದರು. ಖಳ ‘ಬೂ’ವನ್ನು ಬೇಡಬಾರದು, ಕೂಗದೆ ಇರಲು ಅವರಿಗೆ ಸಾಧ್ಯವೇ ಆಗಬಾರದು. ಮೊದಲ ಕೂಗು ಸಣ್ಣದಿದ್ದರೆ ಅದನ್ನು ಕೇಳಿಸಿಕೊಂಡು ‘ಇಷ್ಟೇನಾ?’ ಎಂಬಂತೆ ಹುಬ್ಬು ಹಾರಿಸಬೇಕು. ಎರಡನೆಯದು ದೊಡ್ಡದಾಗುತ್ತದೆ. ಅದು ಏರುತ್ತಿರುವಾಗ ಮಾತು ತೆಗೆದರೆ ಸತ್ತುಹೋಗುತ್ತದೆ, ಪೂರ್ತಿ ಇಳಿದ ಮೇಲೆ ತೆಗೆದರೆ ಹಾಲ್ ತಣ್ಣಗಾಗಿರುತ್ತದೆ. ಇಳಿಯತೊಡಗಿದ ಗಳಿಗೆಯಲ್ಲಿ ಮುಂದಿನ ಸಾಲು ಬೀಳಬೇಕು. ಆ ಗಳಿಗೆಯನ್ನು ಗುರುತಿಸುವುದನ್ನು ಕಲಿಯಲು ನನಗೆ ವಾರಗಳು ಬೇಕಾದವು. ತಾಲೀಮಿನಲ್ಲಿ ಪ್ರೇಕ್ಷಕರು ಇಲ್ಲವಲ್ಲ, ಅದಕ್ಕೆ ದೀಪದವರು, ಹೊಲಿಗೆಯವರು, ಚಹಾ ಮಾಡುವವರು ಎಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತು ಕೂಗುತ್ತಿದ್ದರು. ಮಕ್ಕಳ ಮೇಳದ ಸದ್ದಂತೂ ಕೇಳುವುದೇ ಬೇಡ. ನನ್ನ ಮಗಳು ಅತ್ಯಂತ ಜೋರು.

‘ಅವನು ನಿನ್ನ ಹಿಂದಿದ್ದಾನೆ!’ ಎಂಬ ಪ್ರಸಿದ್ಧ ಕೂಗಿಗೂ ಲೆಕ್ಕಾಚಾರವಿದೆ. ನಾನು ಜ್ಯಾಕ್‌ನ ಹಿಂದೆ ಮೆಲ್ಲಗೆ ಬರುತ್ತೇನೆ. ಮಕ್ಕಳು ಕೂಗುತ್ತಾರೆ. ಜ್ಯಾಕ್ ಬಲಕ್ಕೆ ತಿರುಗುತ್ತಾನೆ, ನಾನು ಅವನ ಬೆನ್ನಿಗಂಟಿಕೊಂಡೇ ಎಡಕ್ಕೆ ಸರಿಯುತ್ತೇನೆ. ಎರಡನೆಯ ಸಲ ಎಡಕ್ಕೆ. ಮೂರನೆಯ ಸಲ ಮುಖಾಮುಖಿ. ಮೂರೇ ಸಲ. ಎರಡಕ್ಕೇ ನಿಂತರೆ ಮಕ್ಕಳಿಗೆ ತೃಪ್ತಿಯಾಗುವುದಿಲ್ಲ, ನಾಲ್ಕಾದರೆ ಜ್ಯಾಕ್ ದಡ್ಡ ಅನ್ನಿಸಿಬಿಡುತ್ತಾನೆ. ನಮ್ಮ ಜ್ಯಾಕ್ ಕಾಲೇಜಿನ ಹುಡುಗಿ. ನಾಯಕನ ಪಾತ್ರವನ್ನು ಹೆಣ್ಣು ಮಾಡುವುದು, ತೊಡೆ ತಟ್ಟಿ ನಿಲ್ಲುವುದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೇರೂರಿದ ಪದ್ಧತಿ. ಈಚೆಗೆ ಆ ಪಾತ್ರಕ್ಕೆ ಗಂಡಸರನ್ನೇ ಹಾಕುವುದು ಹೆಚ್ಚಾಗಿದೆ, ಆದರೆ ನಮ್ಮ ತಂಡ ಹಳೆಯದನ್ನು ಬಿಟ್ಟಿಲ್ಲ. ಅವಳ ಬೆನ್ನಿಗೂ ನನಗೂ ನಡುವೆ ಒಂದು ಗೇಣು ಅಂತರ. ಅವಳ ಭುಜ ಅಲುಗಿದ ಕಡೆಗೆ ನಾನು ಉಲ್ಟಾ ಹೋಗಬೇಕು. ನೆಲದ ಮೇಲೆ ಟೇಪು ಅಂಟಿಸಿ ಅಭ್ಯಾಸ ಮಾಡಿದೆವು.

ಇದೆಲ್ಲ ಎಲ್ಲಿಂದ ಬಂತು ಎಂದು ಓದತೊಡಗಿದ್ದು ಆ ದಿನಗಳಲ್ಲೇ. ಇಟಲಿಯ ಹಳೆಯ ಹಾಸ್ಯನಾಟಕವಾದ ಕಮೀಡಿಯಾ ದೆಲ್ ಆರ್ತೆಯ ಹಾರ್ಲೆಕ್ವಿನ್, ಕೊಲಂಬೈನ್, ಪ್ಯಾಂಟಲೂನ್ ಪಾತ್ರಗಳು ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನಲ್ಲಿ ಜನಪ್ರಿಯವಾದವು. ಜಾನ್ ರಿಚ್ ಎಂಬ ರಂಗಮಾಲೀಕ ತಾನೇ ಹಾರ್ಲೆಕ್ವಿನ್ ಆಗಿ ಮಾತಿಲ್ಲದೆ ಆಡಿ ಹೆಸರು ಮಾಡಿದ. ಮೂಕಾಟ ಬೇರೂರುವುದಕ್ಕೆ ಕಾನೂನೂ ನೆರವಾಯಿತು: ಮಾತಿನ ನಾಟಕ ಆಡುವ ಹಕ್ಕು ರಾಜಮುದ್ರೆ ಪಡೆದ ಒಂದೆರಡು ರಂಗಮಂದಿರಗಳಿಗೆ ಮಾತ್ರ ಇತ್ತು. ಉಳಿದವರು ಹಾಡು, ಕುಣಿತ, ಅಭಿನಯದಲ್ಲೇ ಕಥೆ ಹೇಳಬೇಕಿತ್ತು. 1843ರ ರಂಗಮಂದಿರ ಕಾಯ್ದೆ ಆ ಏಕಸ್ವಾಮ್ಯವನ್ನು ತೆಗೆದುಹಾಕಿತು. ಆಮೇಲೆ ಶ್ಲೇಷೆ, ಪ್ರಾಸ, ದ್ವಿಪದಿ ಎಲ್ಲ ಪ್ಯಾಂಟೊದೊಳಗೆ ನುಗ್ಗಿದವು. ನನ್ನ ಬಾಯಲ್ಲಿದ್ದ ದ್ವಿಪದಿ ಆ ಕಾಲದ ಉಳಿಕೆ. ಹಾರ್ಲೆಕ್ವಿನ್‌ನ ಕೈಯಲ್ಲಿದ್ದ ಕೋಲು ಎರಡು ತೆಳು ಹಲಗೆ ಸೇರಿಸಿ ಮಾಡಿದ್ದು. ಪೆಟ್ಟು ಹಗುರ, ಸದ್ದು ಜೋರು. ಏಟಿನ ಹಾಸ್ಯಕ್ಕೆ ಇಂಗ್ಲಿಷರು ಇವತ್ತೂ ಆ ಕೋಲಿನ ಹೆಸರನ್ನೇ, ಸ್ಲ್ಯಾಪ್‌ಸ್ಟಿಕ್ ಎಂದೇ, ಹೇಳುತ್ತಾರೆ.

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವನು ಜೋಸೆಫ್ ಗ್ರಿಮಾಲ್ಡಿ. 1778ರಲ್ಲಿ ಹುಟ್ಟಿ, ಎಳೆಯ ಮಗುವಾಗಿದ್ದಾಗಲೇ ರಂಗಕ್ಕೆ ಬಂದವನು. 1806ರ ಕೊನೆಯಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಆಡಿದ ಮದರ್ ಗೂಸ್ ಪ್ಯಾಂಟೊದಿಂದ ಲಂಡನ್ನೆಲ್ಲ ಅವನ ಹಿಂದೆ ಬಂತು. ಮುಖಕ್ಕೆ ಬಿಳಿ ಬಳಿದು ಕೆನ್ನೆಗೆ ಕೆಂಪು ಹಚ್ಚಿದ ಕ್ಲೌನ್‌ನ ರೂಪ ಅವನದೇ. ಹಾಡಿನ ಕೊನೆಯ ಪದವನ್ನು ತಾನು ಹೇಳದೆ ನಿಲ್ಲಿಸುತ್ತಿದ್ದ, ಗ್ಯಾಲರಿಯ ಜನ ಕೂಗಿ ಪೂರ್ತಿಮಾಡುತ್ತಿದ್ದರು. ಹಸ್ತಪ್ರತಿಯ ಖಾಲಿ ಜಾಗಗಳ ಅಜ್ಜ ಅದು. ಆದರೆ ವರ್ಷಗಟ್ಟಲೆ ಹಾರಿ ಬಿದ್ದು ಅವನ ಮೈ ಜರ್ಜರಿತವಾಯಿತು. ನಲವತ್ತೈದು ದಾಟುವ ಹೊತ್ತಿಗೆ ನಿಂತು ಆಡುವ ಶಕ್ತಿ ಇರಲಿಲ್ಲ. 1837ರಲ್ಲಿ ತೀರಿಕೊಂಡ. ಉತ್ತರ ಲಂಡನ್ನಿನ ಪೆಂಟನ್‌ವಿಲ್‌ನಲ್ಲಿ ಅವನ ಹೆಸರಿನ ಪಾರ್ಕಿನಲ್ಲೇ ಅವನ ಸಮಾಧಿ ಇದೆ. ಫೆಬ್ರವರಿಯ ಮೊದಲ ಭಾನುವಾರ ಪೂರ್ವ ಲಂಡನ್ನಿನ ಚರ್ಚೊಂದರಲ್ಲಿ ಅವನ ನೆನಪಿಗೆ ಪ್ರಾರ್ಥನೆ ನಡೆಯುತ್ತದೆ. ಕ್ಲೌನ್‌ಗಳು ಬಣ್ಣ ಹಚ್ಚಿಕೊಂಡೇ ಬಂದು ಬೆಂಚುಗಳಲ್ಲಿ ಕೂರುತ್ತಾರೆ.

ಮಕ್ಕಳ ವಿಷಯದ ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಶಾಲಾ ವಯಸ್ಸಿನ ಮಕ್ಕಳು ಹಲವು ದಿನ ರಂಗದ ಮೇಲೆ ಬರಬೇಕಾದರೆ ಸ್ಥಳೀಯ ಕೌನ್ಸಿಲ್‌ನ ಪರವಾನಗಿ ಬೇಕು. ಪರವಾನಗಿಯಿರುವ ಮೇಲ್ವಿಚಾರಕರು ಇರಬೇಕು, ಒಬ್ಬರ ಸುಪರ್ದಿಗೆ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಇರಕೂಡದು. ಹುಟ್ಟಿದ ದಾಖಲೆ, ಫೋಟೊ, ಅರ್ಜಿ. ಮಗಳದನ್ನು ನಮ್ಮ ಮನೆಯವರು ತುಂಬಿಸಿ ಕೊಟ್ಟರು.

ಅದೇ ನಮ್ಮ ಮನೆಯವರು ನವೆಂಬರ್‌ನಿಂದ ಭಾನುವಾರಗಳಲ್ಲಿ ಪರದೆ ಬರೆಯುವವರ ಗುಂಪಿಗೆ ಸೇರಿಕೊಂಡರು. ಇದು ನನಗೆ ಬಹಳ ಇಷ್ಟವಾದ ಭಾಗ. ಪ್ಯಾಂಟೊ ಇನ್ನೂ ಬರೆದ ಪರದೆಗಳನ್ನು ನಂಬಿ ನಡೆಯುತ್ತದೆ. ರಂಗದ ಮುಂಭಾಗದಲ್ಲಿ ಹಳ್ಳಿಯ ಬೀದಿಯ ಪರದೆ ಇಳಿಬಿಟ್ಟು ಅದರ ಮುಂದೆ ಎರಡು ಪಾತ್ರಗಳು ಮಾತಾಡುತ್ತಿರುತ್ತವೆ. ಹಿಂದೆ ಸದ್ದಿಲ್ಲದೆ ಅರಮನೆ ಎದ್ದು ನಿಲ್ಲುತ್ತಿರುತ್ತದೆ. ತೆಳು ಜಾಳಿಗೆಯ ಪರದೆಯ ಮೇಲೆ ಮುಂದಿನಿಂದ ಬೆಳಕು ಬಿಟ್ಟರೆ ಗೋಡೆ, ಹಿಂದಿನಿಂದ ಬಿಟ್ಟರೆ ಅದು ಮಾಯವಾಗಿ ಒಳಗಿನ ದೈತ್ಯನ ಕೋಟೆ ಕಾಣುತ್ತದೆ. ನಮ್ಮ ಅಜ್ಜ ಹೇಳುತ್ತಿದ್ದ ಕಂಪನಿ ನಾಟಕಗಳ ಸೀನರಿಗಳೂ ಇದೇ ಬಳ್ಳಿಯವು. ವಿಕ್ಟೋರಿಯಾ ಕಾಲದ ಲಂಡನ್ ರಂಗದ ಬರೆದ ಪರದೆ, ಪಕ್ಕದ ವಿಂಗು, ಯಂತ್ರದ ಚಮತ್ಕಾರಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಪಾರ್ಸಿ ರಂಗಭೂಮಿಗೆ ಬಂದವು, ಅಲ್ಲಿಂದ ನಮ್ಮ ಕಂಪನಿಗಳಿಗೆ. ಡ್ರೂರಿ ಲೇನ್‌ನಲ್ಲಿ ಆಗಸ್ಟಸ್ ಹ್ಯಾರಿಸ್ ರಂಗದ ಮೇಲೆ ದೊಡ್ಡ ದೊಡ್ಡ ಮೆರವಣಿಗೆ ನಡೆಸುತ್ತಿದ್ದ. ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿತು. ಹೀಗಾಗಿ ಆ ತಣ್ಣನೆಯ ಹಾಲ್‌ನಲ್ಲಿ ಬಣ್ಣದ ಡಬ್ಬಿಗಳ ನಡುವೆ ನಿಂತಾಗ ಪರಕೀಯ ಅನ್ನಿಸಲೇ ಇಲ್ಲ.

ಬೀನ್‌ಸ್ಟಾಕ್ ಏಳುವ ಬಗೆ ಬಹಳ ಸರಳ. ಉದ್ದನೆಯ ಹಗ್ಗಕ್ಕೆ ಹಸಿರು ಬಟ್ಟೆಯ ಎಲೆಗಳನ್ನು ಹೊಲಿದು, ಬಾವಿಯ ಆಕಾರದ ಪೆಟ್ಟಿಗೆಯಲ್ಲಿ ಸುತ್ತಿಟ್ಟು, ಒಂದು ತುದಿಯನ್ನು ಛಾವಣಿಯ ರಾಟೆಗೆ ಕಟ್ಟಿದ್ದರು. ಹೊಗೆ, ಹಸಿರು ಬೆಳಕು, ಪಿಯಾನೊ, ಪಕ್ಕದಲ್ಲಿ ಇಬ್ಬರು ನಿಧಾನವಾಗಿ ಎಳೆಯುವುದು, ಇಷ್ಟೇ. ಎಲೆಗಳ ಹಿಂದಿನ ಏಣಿಯಲ್ಲಿ ಜ್ಯಾಕ್ ಏರುತ್ತಾನೆ, ಕತ್ತಲು, ಮಧ್ಯಂತರ, ಐಸ್‌ಕ್ರೀಮ್. ದೈತ್ಯ ಪೂರ್ತಿ ಕಾಣುವುದೇ ಇಲ್ಲ. ಎರಡು ಮಹಾ ಬೂಟುಗಳು ಮಾತ್ರ, ದನಿ ಮೈಕಿನಿಂದ. ಹಸು ಡೇಸಿಯ ಚರ್ಮದೊಳಗೆ ಇಬ್ಬರು. ಹಿಂದಿನವರು ಬಗ್ಗಿ, ಮುಂದಿನವರ ಸೊಂಟ ಹಿಡಿದು, ಏನೂ ಕಾಣದೆ, ಪಿಯಾನೊದ ತಾಳ ಮಾತ್ರ ಕೇಳಿಕೊಂಡು ಕುಣಿಯುತ್ತಾರೆ. ಆ ಕೆಲಸಕ್ಕೆ ಬೆನ್ನೂ ಬೇಕು, ಜೊತೆಗಾರರ ಮೇಲೆ ನಂಬಿಕೆಯೂ ಬೇಕು. ಡೇಸಿಯನ್ನು ಮಾರಲು ಕರೆದೊಯ್ಯುವಾಗ ಹಾಲ್ ಮೌನವಾಗುವುದನ್ನು ಪ್ರತಿ ರಾತ್ರಿ ಪರದೆಯ ಹಿಂದಿನಿಂದ ಕೇಳಿದ್ದೇನೆ.

ಹಾಲಿನ ಕೊಟ್ಟಿಗೆಯ ದೃಶ್ಯದಲ್ಲಿ ಎರಚಾಡುವ ನೊರೆ ನಿಜವಾದ ಕೆನೆಯಲ್ಲ. ಕೆನೆ ಜಾರುತ್ತದೆ, ಬಟ್ಟೆಗೆ ಹತ್ತಿ ನಾರುತ್ತದೆ. ಕ್ಷೌರದ ಸಾಬೂನನ್ನು ನೀರಿನಲ್ಲಿ ಕಲಕಿ ಗಟ್ಟಿ ನೊರೆ ಎಬ್ಬಿಸುತ್ತಾರೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ. ದೃಶ್ಯ ಮುಗಿದದ್ದೇ ಬೀದಿಯ ಪರದೆ ಇಳಿದು, ಅದರ ಮುಂದೆ ಫೇರಿ ಹಾಡುತ್ತಿದ್ದಂತೆ ಹಿಂದೆ ಹಾಳೆ ಮಡಚಿ, ನೆಲ ಒರೆಸಿ ಒಣಗಿಸಬೇಕು. ಆ ಹಾಡು ಅಷ್ಟು ಉದ್ದ ಇರುವುದೇ ಅದಕ್ಕೆ.

ಕೊನೆಯ ತಾಲೀಮುಗಳಲ್ಲಿ ಒಂದು ನಂಬಿಕೆಯನ್ನು ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸಿದರು. ನಾಟಕದ ಕಟ್ಟಕಡೆಯ ಪ್ರಾಸದ ಸಾಲುಗಳನ್ನು ಮೊದಲ ಪ್ರದರ್ಶನಕ್ಕಿಂತ ಮೊದಲು ಯಾರೂ ಬಾಯಿಬಿಟ್ಟು ಹೇಳಕೂಡದು. ಪೂರ್ಣಗೊಳಿಸಿದರೆ ಅಪಶಕುನ. ನಿರ್ದೇಶಕಿಯೂ ಅಲ್ಲಿಗೆ ಬಂದಾಗ ‘ಲಾ ಲಾ ಲಾ’ ಎಂದು ಮುಗಿಸುತ್ತಿದ್ದರು. ಅದನ್ನು ಕೇಳಲು ಪ್ರೇಕ್ಷಕರು ಇಲ್ಲದಿರುವಾಗ ನಾಟಕವನ್ನು ಮುಗಿಸಬಾರದು ಎಂಬ ಭಾವ ನನಗೆ ಬಹಳ ಸರಿಯಾಗಿ ತೋರಿತು.

ಮೊದಲ ರಾತ್ರಿ. ಫೇರಿ ಗುಲಾಬಿ ಬೆಳಕಿನಲ್ಲಿ ಮಾತಾಡುತ್ತಿದ್ದಾಳೆ. ನನಗೆ ಕಪ್ಪು ಉದ್ದ ಕೋಟು, ಎತ್ತರದ ಟೋಪಿ, ಹುಬ್ಬಿಗೆ ಕಾಡಿಗೆ. ಹಸಿರು ಬೆಳಕು, ಹೊಗೆ, ನಾನು ಕಾಲಿಟ್ಟೆ. ಬಾಯಿ ತೆರೆಯುವ ಮೊದಲೇ ಶಬ್ದ ಎದ್ದಿತು. ತಾಲೀಮಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬ್ರೌನೀಸ್, ಅಂದರೆ ಗರ್ಲ್ ಗೈಡ್ಸ್‌ನ ಚಿಕ್ಕ ಹುಡುಗಿಯರ, ಒಂದು ಇಡೀ ಗುಂಪು ಮೊದಲ ಸಾಲುಗಳಲ್ಲಿತ್ತು. ನಿಂತೆ. ಮೂರನೆಯ ಸಾಲಿನ ಒಬ್ಬ ತಾತನನ್ನು ನೋಡಿದೆ. ಅವರು ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗುತ್ತಿದ್ದರು, ಮುಖದಲ್ಲಿ ಎಂಥ ಖುಷಿ! ಇದೇ ತಾತ ಅಂಗಡಿಯ ಸಾಲಿನಲ್ಲಿ ಎಷ್ಟೋ ಸಲ ನನ್ನ ಮುಂದೆ ನಿಂತದ್ದುಂಟು; ಹವಾಮಾನ ಬಿಟ್ಟು ಬೇರೆ ಮಾತು ನಮ್ಮ ನಡುವೆ ಬಂದಿರಲಿಲ್ಲ. ಹುಬ್ಬು ಹಾರಿಸಿದೆ. ಕೂಗು ಇಮ್ಮಡಿಯಾಯಿತು. ಇಳಿಯತೊಡಗಿದಾಗ ಎರಡನೆಯ ಸಾಲು ಹಾಕಿದೆ, ಮತ್ತೆ ಎದ್ದಿತು. ಈ ಊರಿಗೆ ಬಂದು ಇಷ್ಟು ವರ್ಷಗಳಲ್ಲಿ ಇಷ್ಟು ಜನ ಒಟ್ಟಿಗೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ನಿರ್ದೇಶಕಿ ಸೆಪ್ಟೆಂಬರ್‌ನಲ್ಲಿ ಕೇಳಿದ ಪ್ರಶ್ನೆಗೆ ನನಗೆ ಪೂರ್ತಿ ಉತ್ತರ ಸಿಕ್ಕಿದ್ದು ಆಗ: ಆ ಕೂಗಿನಲ್ಲಿ ಅವರು ನನ್ನ ಪಾತ್ರವನ್ನು ನನಗೆ ಪೂರ್ತಿಯಾಗಿ ಒಪ್ಪಿಸಿಬಿಟ್ಟಿದ್ದರು.

ಎರಡು ವಾರಾಂತ್ಯ ಆಟ ನಡೆಯಿತು. ಶನಿವಾರ ರಾತ್ರಿಯ ದೊಡ್ಡವರು ಚುರುಕು ಮಾತು ಎಸೆಯುತ್ತಾರೆ, ಮಧ್ಯಾಹ್ನದ ಮಕ್ಕಳು ಅಕ್ಷರಶಃ ನಂಬುತ್ತಾರೆ. ಒಂದು ಬೆಳಗಿನ ಆಟವನ್ನು ಆಟಿಸಂ ಇರುವ ಮಕ್ಕಳಿಗೂ ಅವರ ಮನೆಯವರಿಗೂ ಮೀಸಲಿಟ್ಟಿದ್ದೆವು. ಅಂಥ ಆಟದಲ್ಲಿ ಹಾಲ್‌ನ ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸುತ್ತಾರೆ, ಬೇಕೆಂದಾಗ ಎದ್ದು ಓಡಾಡಬಹುದು. ತೆರೆ ಏಳುವ ಮೊದಲು ನಾವೆಲ್ಲ ಒಬ್ಬೊಬ್ಬರಾಗಿ ಬಂದು ನಿಂತೆವು. ನಾನು ಟೋಪಿ ತೆಗೆದು, ನನ್ನ ಹೆಸರು ಹೇಳಿ, ‘ಈಗ ಟೋಪಿ ಹಾಕಿಕೊಂಡರೆ ಕೆಟ್ಟವನ ವೇಷ ಶುರು, ತೆಗೆದರೆ ನಾನು ನಾನೇ’ ಎಂದು ತೋರಿಸಿದೆ. ಹೊಗೆ ಬಿಡಲಿಲ್ಲ. ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿದ್ದ ಒಬ್ಬ ಹುಡುಗ ನಾನು ಬಂದಾಗಲೆಲ್ಲ ಎದ್ದು ನಿಂತು ಕೈ ಬೀಸಿದ. ಅವರು ಏನು ಮಾಡಿದರೂ ಉತ್ತರ ಕೊಡಿ ಎಂದು ನಿರ್ದೇಶಕಿ ಹೇಳಿದ್ದರು. ನಾನೂ ಕೈ ಬೀಸಿ, ಆಮೇಲೆ ಹಲ್ಲು ಕಡಿದೆ. ಅವನು ಬಿದ್ದುಬಿದ್ದು ನಕ್ಕ. ಎಲ್ಲ ಆಟಗಳಲ್ಲೂ ನಾನು ಚೆನ್ನಾಗಿ ಆಡಿದ್ದು ಯಾವುದು ಎಂದರೆ ಆ ಬೆಳಗಿನದು.

ಕೊನೆಯ ಶನಿವಾರ ರೆಡಿಂಗ್ ಕಡೆಯಿಂದ ನಮ್ಮ ಕನ್ನಡ ಸ್ನೇಹಿತರ ಎರಡು ಸಂಸಾರ ಬಂದಿದ್ದವು. ಜೊತೆಗೆ ಮೊಮ್ಮಗನ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಒಬ್ಬ ಅಜ್ಜಿ. ಮೊದಲರ್ಧ ಗಂಡಸರೆಲ್ಲ ಕೈಕಟ್ಟಿ ಕೂತಿದ್ದರು; ನಾಟಕದಲ್ಲಿ ಗಲಾಟೆ ಮಾಡಬಾರದು ಎಂದು ಮಕ್ಕಳಿಗೂ ಹೇಳಿದ್ದರಂತೆ. ಎರಡನೆಯ ಅರ್ಧದಲ್ಲಿ ನಾನು ಜ್ಯಾಕ್‌ನ ಹಿಂದೆ ಸರಿಯುತ್ತಿದ್ದೆ. ಇಡೀ ಹಾಲ್ ಇಂಗ್ಲಿಷಿನಲ್ಲಿ ಅರಚುತ್ತಿದ್ದಾಗ ಅದರ ನಡುವಿನಿಂದ ಒಂದು ದನಿ ಎದ್ದಿತು:

‘ಹಿಂದ್ಗಡೆ ನೋಡ್ಲಾ ಮಗ, ಹಿಂದ್ಗಡೆ! ನಿಂತವ್ನೆ!’

ಜ್ಯಾಕ್ ಮಾಡುತ್ತಿದ್ದ ಹುಡುಗಿಗೆ ಕನ್ನಡ ತಿಳಿಯದು. ನನಗೆ ತಿಳಿಯುತ್ತದಲ್ಲ. ಗಕ್ಕನೆ ತಿರುಗಿ, ಬೆರಳು ತೋರಿಸಿ, ಕನ್ನಡದಲ್ಲೇ ಗುಡುಗಿದೆ: ‘ಅಜ್ಜೀ, ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ!’

‘ಮುಚ್ಚಾಕಿಲ್ಲ ಹೋಗು!’ ಅಂದರು ಅಜ್ಜಿ ಎದ್ದುನಿಂತು.

ಒಂದಕ್ಷರ ಅರ್ಥವಾಗದಿದ್ದರೂ ಹಾಲ್‌ಗೆ ಎಲ್ಲ ಅರ್ಥವಾಯಿತು. ಚಪ್ಪಾಳೆ, ಸೀಟಿ. ಪಕ್ಕದ ಸಾಲಿನ ಹೆಂಗಸೊಬ್ಬರು ಅಜ್ಜಿಯ ಬೆನ್ನು ತಟ್ಟಿದರು. ಜ್ಯಾಕ್ ಮಾತ್ರ ತಾಲೀಮಿನಂತೆಯೇ ಎಡಕ್ಕೆ ತಿರುಗಿ, ನನಗೆ ಒಂದು ಉಸಿರಿನ ಸಮಯ ಕೊಟ್ಟು, ಮೂರನೆಯ ತಿರುವಿಗೆ ಸಿದ್ಧಳಾದಳು. ಆ ಹುಡುಗಿಗೆ ನಾನು ಋಣಿ. ಆಮೇಲೆ ಬಂದ ಪ್ರತಿ ಕೂಗಿನಲ್ಲೂ ನಮ್ಮ ಸ್ನೇಹಿತರ ಮಕ್ಕಳ ದನಿ ಇತ್ತು, ಅಪ್ಪಂದಿರದೂ.

ನಾಟಕ ಮುಗಿದು ಎಲ್ಲ ಪಾತ್ರಗಳೂ ಮೆಟ್ಟಿಲಿಳಿದು ಬಂದು ನಮಸ್ಕರಿಸುವಾಗ ಖಳನಿಗೆ ಮತ್ತೆ ಒಂದು ಸಲ ‘ಬೂ’, ಅದರ ಹಿಂದೆಯೇ ಕರತಾಡನ. ಅದೇ ರಾತ್ರಿ ಎಲ್ಲ ಬಿಚ್ಚಬೇಕು, ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಯೋಗದ ತರಗತಿ. ಪರದೆಗಳನ್ನು ಕೊಳವೆಗೆ ಸುತ್ತಿ, ಡೇಸಿಯನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಪೋಸ್ಟ್‌ಮನ್ ಸಾಹೇಬರ ಉಡುಪುಗಳನ್ನು ಎಣಿಸಿ ಮುಗಿಸುವಾಗ ಮಧ್ಯರಾತ್ರಿ. ಮುಂದಿನ ವರ್ಷಕ್ಕೆ ಡಿಕ್ ವಿಟಿಂಗ್ಟನ್ ಎಂದು ಅಲ್ಲೇ ತೀರ್ಮಾನವಾಯಿತು. ಬರಿಗೈಯಲ್ಲಿ ಲಂಡನ್ನಿಗೆ ಬಂದು, ತನ್ನ ಬೆಕ್ಕಿನಿಂದ ಭಾಗ್ಯವಂತನಾಗಿ ನಗರದ ಮೇಯರ್ ಆಗುವ ಹುಡುಗನ ಕಥೆ. ನಿಜದ ರಿಚರ್ಡ್ ವಿಟಿಂಗ್ಟನ್ ಬಡವನಾಗಿರಲಿಲ್ಲ. ಬಟ್ಟೆಯ ದೊಡ್ಡ ವ್ಯಾಪಾರಿ, ನಾಲ್ಕು ಅವಧಿಗೆ ಲಂಡನ್ ಮೇಯರ್ ಆಗಿ 1423ರಲ್ಲಿ ತೀರಿಕೊಂಡ. ಬೆಕ್ಕು ಕಥೆಗಾರರ ಕಾಣಿಕೆ. ಮಗಳಿಗೆ ಆ ಬೆಕ್ಕಿನ ಪಾತ್ರವೇ ಬೇಕಂತೆ. ಅದರಲ್ಲಿ ಖಳ ಇಲಿಗಳ ರಾಜ, ಕಿಂಗ್ ರ‍್ಯಾಟ್. ಸೆಪ್ಟೆಂಬರ್‌ನಲ್ಲಿ ಅದಕ್ಕೇ ಓದಲಿದ್ದೇನೆ. ಮಂಡ್ಯದ ಅಜ್ಜಿಗೆ ಆಗ ವೀಸಾ ಸಿಗಬೇಕು ಎಂದು ಅವರ ಮಗ ಈಗಲೇ ಅರ್ಜಿಯ ತಯಾರಿಯಲ್ಲಿದ್ದಾರೆ.